ಹದಿನಾಲ್ಕು ಮನೆಗಳ ಬೀಟ್

ಎಲ್‌ಎಂಎಂಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಬೀಟ್ ಕೂಡಿಸುವ ಕಿಟಕಿಯನ್ನು ತೆರೆದರೆ ಪ್ರತಿ ವಾದ್ಯದ ಹೆಸರಿನ ಮುಂದೆ 16 ಮನೆಗಳ ಒಂದು ಸಾಲು ಕಾಣುತ್ತದೆ. ತಾಳ ನಾಲ್ಕಕ್ಕೆ ನಾಲ್ಕು (4/4), ವೇಗ ನಿಮಿಷಕ್ಕೆ 140 ಬಡಿತ ಎಂಬುದು ನಾವು ಏನನ್ನೂ ಮುಟ್ಟುವ ಮೊದಲೇ ಅಲ್ಲಿ ನಿಶ್ಚಯವಾಗಿರುತ್ತದೆ. ಒಂದು, ಐದು, ಒಂಬತ್ತು, ಹದಿಮೂರನೆಯ ಮನೆಗಳಲ್ಲಿ ಗುಡುಗುವ ಕಿಕ್ ಡ್ರಮ್ಮನ್ನೂ ಐದು ಮತ್ತು ಹದಿಮೂರರಲ್ಲಿ ಕಿರಗುಟ್ಟುವ ಸ್ನೇರ್ ಡ್ರಮ್ಮನ್ನೂ ಇಟ್ಟು, ಒಂದು ಬಿಟ್ಟು ಒಂದು ಮನೆಯಲ್ಲಿ ಹೈ-ಹ್ಯಾಟ್ ಎಂಬ ತಾಳದ ಬಿಲ್ಲೆಗಳ ಸದ್ದು ತುಂಬಿ ಸ್ಪೇಸ್ ಬಾರ್ ಒತ್ತಿದರೆ, ಸಂಗೀತದ ಗಂಧಗಾಳಿ ಇಲ್ಲದವರಿಗೂ ಒಂದು ಬೀಟ್ ಸಿದ್ಧವಾಗುತ್ತದೆ. ಶಿವಮೊಗ್ಗದಲ್ಲಿ ಕೂತು ಹೀಗೆ ಮಾಡಿದ ಬೀಟಿಗೂ ಬರ್ಲಿನ್ನಿನಲ್ಲಿ ಕೂತು ಮಾಡಿದ ಬೀಟಿಗೂ ವ್ಯತ್ಯಾಸ ಹೇಳುವುದು ಕಷ್ಟ. ಹೊಸಬರನ್ನು ಮೊದಲ ಗಂಟೆಯಲ್ಲೇ ಬರಿಗೈಯಲ್ಲಿ ಕಳಿಸದಿರುವುದು ಈ ತಂತ್ರಾಂಶದ ದೊಡ್ಡ ಗುಣ. ಎರಡನೆಯ ಗಂಟೆಯಲ್ಲಿ ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ, ಮತ್ತು ನಾನು ಇಲ್ಲಿ ಬರೆಯಹೊರಟಿರುವುದು ಅದರ ಬಗ್ಗೆ.

ಈ 16 ಮನೆಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿದುಕೊಂಡರೆ ಅವುಗಳ ಮೇಲಿನ ಭಯಭಕ್ತಿ ತಾನಾಗಿ ಕಡಿಮೆಯಾಗುತ್ತದೆ. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಟಿಆರ್-808 ಎಂಬ ತಾಳಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಕೆಳತುದಿಯಲ್ಲಿ ಕೆಂಪು, ಕಿತ್ತಳೆ, ಹಳದಿ, ಬಿಳಿ ಎಂದು ನಾಲ್ಕು ನಾಲ್ಕರ ಗುಂಪಾಗಿ 16 ಗುಂಡಿಗಳು ಸಾಲಾಗಿದ್ದವು. ಅಮೆರಿಕದ ನೃತ್ಯಸಂಗೀತ, ಹಿಪ್‌ಹಾಪ್ ಎರಡೂ ಆ ಗುಂಡಿಗಳ ಮೇಲೆ ಬೆಳೆದವು. ಮುಂದೆ ಕಂಪ್ಯೂಟರುಗಳು ಬಂದಾಗ ತಂತ್ರಾಂಶ ಬರೆದವರು ಆ ಸಾಲನ್ನೇ ಪರದೆಗೆ ತಂದರು. 2004ರಲ್ಲಿ ಲಿನಕ್ಸಿಗಾಗಿ ಶುರುವಾಗಿ ಈಗ ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲೂ ನಡೆಯುವ ಎಲ್‌ಎಂಎಂಎಸ್ ಆ ಪರಂಪರೆಯದೇ. ಹಾಗಾಗಿ ಪರದೆಯ ಮೇಲಿನ ಆ ಸಾಲು ಗಣಿತದ ನಿಯಮವಲ್ಲ. ಒಂದು ಕಾಲದ, ಒಂದು ಬಗೆಯ ಸಂಗೀತದ ರೂಢಿ. ಅದು ಒಳ್ಳೆಯ ರೂಢಿಯೇ. ನಮ್ಮ ಆದಿತಾಳದ ಎಂಟು ಅಕ್ಷರಗಳು ಅದರಲ್ಲಿ ಒಂದಿಷ್ಟೂ ಮುಕ್ಕಾಗದೆ ಕೂರುತ್ತವೆ. ಆದರೆ ಆ ರೂಢಿಯ ಹೊರಗೂ ನಡೆಗಳಿವೆ, ಮತ್ತು ಮಲೆನಾಡಿನಲ್ಲಿ ಬೆಳೆದ ಕಿವಿಯಲ್ಲಿ ಅಂಥವು ಬೇಕಾದಷ್ಟಿವೆ.

ಚಳಿಗಾಲದ ರಾತ್ರಿ ಗದ್ದೆಬಯಲಿನಲ್ಲಿ ಯಕ್ಷಗಾನದ ಆಟ ನೋಡುತ್ತಾ ಕೂತವರಿಗೆ ತ್ರಿವುಡೆ ತಾಳದ ಏಳು, ಝಂಪೆಯ ಹತ್ತು ಎಣಿಸಿ ಗೊತ್ತಿರಬೇಕೆಂದಿಲ್ಲ. ಭಾಗವತರ ಪದಕ್ಕೆ ಮದ್ದಳೆ ಕೂಡಿಕೊಂಡಾಗ ಮುಕ್ತಾಯ ಎಲ್ಲಿ ಬೀಳುತ್ತದೆ ಎಂಬುದು ತಲೆಗೆ ಗೊತ್ತಿಲ್ಲದಿದ್ದರೂ ಮೈಗೆ ಗೊತ್ತಿರುತ್ತದೆ. ಶಿವಮೊಗ್ಗದ ಹೊರವಲಯದಲ್ಲಿ ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳು ಗಮಕಕ್ಕೆ ಹೆಸರಾದವು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಊರಿನ ಬಹಳ ಜನರಿಗೆ ಅದು ತಮ್ಮ ಮನೆಯ ಸಂತೋಷವೇ ಆಗಿತ್ತು. ಗಮಕಕ್ಕೆ ತಾಳದ ಪಕ್ಕವಾದ್ಯವಿಲ್ಲ, ಅದು ರಾಗದಲ್ಲಿ ಹರಿಯುವ ಕಾವ್ಯದ ಓದು. ಆದರೂ ಆರು ಸಾಲಿನ ಭಾಮಿನಿ ಷಟ್ಪದಿಯನ್ನು ಕೇಳುತ್ತ ಕೇಳುತ್ತ ಮೂರು-ನಾಲ್ಕು, ಮೂರು-ನಾಲ್ಕು ಎಂಬ ಆ ಓಲಾಟ ಕಿವಿಯಲ್ಲಿ ನಿಂತುಬಿಡುತ್ತದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಛಂದಸ್ಸಿನ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಲಘು ಗುರು ಹಾಕಿ, ಗೆರೆ ಎಳೆದು ಗಣ ವಿಭಾಗಿಸುವ ಕೆಲಸ ಇದ್ದೇ ಇರುತ್ತದೆ. ಬೀಟ್ ಮಾಡುವ ತಂತ್ರಾಂಶವನ್ನು ಸಂಜೆ ಹೊತ್ತು ಕಲಿಯತೊಡಗಿದಾಗ ನನಗೆ ಸ್ಪಷ್ಟವಾಗಿ ಕಂಡದ್ದು ಇದು: ಬೆಳಿಗ್ಗೆ ಬೋರ್ಡಿನ ಮೇಲೆ ಹಾಕುವ ಪ್ರಸ್ತಾರವನ್ನೇ ಈ ಪರದೆ ಬೇರೆ ಗುರುತುಗಳಲ್ಲಿ ಕೇಳುತ್ತಿದೆ. ಒಂದು ಮಾತ್ರೆಯ ಲಘುವಿಗೆ ಒಂದು ಮನೆ, ಎರಡು ಮಾತ್ರೆಯ ಗುರುವಿಗೆ ಎರಡು ಮನೆ. ಅಷ್ಟೇ.

ಅದನ್ನು ಮಾಡಿ ನೋಡುವುದು ಹೀಗೆ. ಹೊಸ ಕೆಲಸ ಶುರು ಮಾಡುವಾಗ, ಒಂದು ಪೆಟ್ಟನ್ನೂ ಇಡುವ ಮೊದಲೇ, ಮೇಲಿನ ಪಟ್ಟಿಯಲ್ಲಿ ನಾಲ್ಕಕ್ಕೆ ನಾಲ್ಕು ಎಂದಿರುವ ತಾಳವನ್ನು ಎಂಟಕ್ಕೆ ಏಳು (7/8) ಎಂದು ಬದಲಿಸಬೇಕು. ಆಗ ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 16ರ ಬದಲು 14 ಮನೆಗಳು ಸಿಗುತ್ತವೆ. ಭಾಮಿನಿಯ ಒಂದನೆಯ, ಎರಡನೆಯ, ನಾಲ್ಕನೆಯ, ಐದನೆಯ ಸಾಲುಗಳಿಗೆ ಇರುವುದೂ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆಗಳೇ. ತರಗತಿಗಾಗಿ ನಾನು ಕಟ್ಟಿಕೊಂಡ ಒಂದು ಸರಳ ಸಾಲನ್ನು ತೆಗೆದುಕೊಳ್ಳೋಣ: ‘ಮಳೆಯು ಸುರಿಯಿತು ತುಂಗೆ ತುಂಬಿತು’. ಮಳೆಯು ಎಂಬಲ್ಲಿ ಮೂರು ಲಘು, ಸುರಿಯಿತು ಎಂಬಲ್ಲಿ ನಾಲ್ಕು ಲಘು; ಆದ್ದರಿಂದ ಮೊದಲ ಏಳು ಮನೆಗಳಲ್ಲೂ ಪೆಟ್ಟು ಬೀಳುತ್ತದೆ. ತುಂಗೆಯಲ್ಲಿ ಗುರು ಮತ್ತು ಲಘು. ಎಂಟನೆಯ ಮನೆಯಲ್ಲಿ ಪೆಟ್ಟು, ಒಂಬತ್ತು ಖಾಲಿ, ಹತ್ತರಲ್ಲಿ ಪೆಟ್ಟು. ತುಂಬಿತು ಎಂಬಲ್ಲಿ ಗುರು, ಲಘು, ಲಘು. ಹನ್ನೊಂದರಲ್ಲಿ ಪೆಟ್ಟು, ಹನ್ನೆರಡು ಖಾಲಿ, ಹದಿಮೂರು ಹದಿನಾಲ್ಕರಲ್ಲಿ ಪೆಟ್ಟು. ಇದನ್ನು ಒಂದು ಸಣ್ಣ ದನಿಯ ವಾದ್ಯಕ್ಕೆ, ಕಡ್ಡಿಯ ಸದ್ದಿಗೋ ಗೆಜ್ಜೆಗೋ, ಕೊಟ್ಟು ನುಡಿಸಿದರೆ ಮಾತಿಲ್ಲದೆಯೇ ಸಾಲು ಕೇಳಿಸುತ್ತದೆ. ಮೊದಲ ಅರ್ಧ ಮಳೆಯ ಹಾಗೆ ಒತ್ತೊತ್ತಾಗಿ ಬಿದ್ದು, ಎರಡನೆಯ ಅರ್ಧ ಹೊಳೆಯ ಹಾಗೆ ಎಳೆದು ನಿಲ್ಲುತ್ತದೆ. ಇದರ ಕೆಳಗೆ ಗಣಗಳು ಶುರುವಾಗುವ ಕಡೆ, ಅಂದರೆ ಒಂದು, ನಾಲ್ಕು, ಎಂಟು, ಹನ್ನೊಂದನೆಯ ಮನೆಗಳಲ್ಲಿ ಭಾರದ ಪೆಟ್ಟು ಇಡಬೇಕು. ಒಂದು ಮತ್ತು ಎಂಟರಲ್ಲಿ ದೊಡ್ಡದು, ನಾಲ್ಕು ಮತ್ತು ಹನ್ನೊಂದರಲ್ಲಿ ಅದಕ್ಕಿಂತ ಹಗುರವಾದದ್ದು. ಪರದೆಯ ಮೇಲೆ ಮನೆಗಳ ಬಣ್ಣ ಆಗಲೂ ನಾಲ್ಕು ನಾಲ್ಕಕ್ಕೇ ಬದಲಾಗುತ್ತಿರುತ್ತದೆ. ಆ ಬಣ್ಣವನ್ನು ನೋಡಿಕೊಂಡು ಪೆಟ್ಟು ಇಡಬಾರದು, ಸಾಲನ್ನು ಬಾಯಲ್ಲಿ ಹೇಳಿಕೊಂಡು ಇಡಬೇಕು.

ವೇಗದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಂತ್ರಾಂಶ ತಾನಾಗಿ ಕೊಡುವ 140ರಲ್ಲಿ ಒಂದು ಸಾಲು ಒಂದೂವರೆ ಸೆಕೆಂಡಿನಲ್ಲಿ ಓಡಿಹೋಗುತ್ತದೆ. ಕೇಳುವವರಿಗೆ ಮೂರು-ನಾಲ್ಕರ ಓಲಾಟ ದಕ್ಕುವುದಿಲ್ಲ. ಅದನ್ನು 70ಕ್ಕೆ ಇಳಿಸಿದರೆ 14 ಮನೆಗಳಿಗೆ ಸರಿಯಾಗಿ ಮೂರು ಸೆಕೆಂಡು ಆಗುತ್ತದೆ, ಮತ್ತು ಮೂರು ಸೆಕೆಂಡು ಒಂದು ಸಾಲನ್ನು ಆರಾಮವಾಗಿ ಹೇಳುವ ಹೊತ್ತು.

ಇನ್ನು ಮೂರನೆಯ ಮತ್ತು ಆರನೆಯ ಸಾಲು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ. ಆ ಸಾಲುಗಳಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಬರುತ್ತದೆ. ಒಟ್ಟು 23 ಮಾತ್ರೆ. ಹದಿನಾಲ್ಕರ ಎರಡು ಆವರ್ತಗಳಲ್ಲಿ 28 ಮನೆಗಳಿರುವುದರಿಂದ 23 ತುಂಬಿದ ಮೇಲೆ ಐದು ಮನೆಗಳು ಖಾಲಿ ಉಳಿಯುತ್ತವೆ. ಸಾಲು ಮುಗಿದ ಮೇಲೆ ಓದುವವರು ಎಳೆದು ನಿಂತು ಉಸಿರು ತೆಗೆದುಕೊಳ್ಳುವ ಜಾಗ ಅದು. ಹೀಗೆ ಅರ್ಧ ಷಟ್ಪದಿಗೆ 14, 14, 28 ಸೇರಿ ನಾಲ್ಕು ಆವರ್ತ, ಇಡೀ ಷಟ್ಪದಿಗೆ ಎಂಟು ಆವರ್ತ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲೂ ಒಂದು ಖಂಡಕ್ಕೆ ನಾಲ್ಕು ಅಥವಾ ಎಂಟು ಆವರ್ತ ಇಡುವುದೇ ವಾಡಿಕೆಯಾದ್ದರಿಂದ ಈ ಷಟ್ಪದಿಯ ಬೀಟ್ ಮೇಲೆ ಗಿಟಾರನ್ನಾಗಲಿ ಕೀಬೋರ್ಡನ್ನಾಗಲಿ ಕೂಡಿಸುವವರಿಗೆ ಎಲ್ಲೂ ತಡೆಯಾಗುವುದಿಲ್ಲ. ಆ ಐದು ಖಾಲಿ ಮನೆಗಳನ್ನು ಕಂಡ ಕೂಡಲೇ ತುಂಬಿಬಿಡಬೇಕೆನ್ನುವ ಆಸೆ ಎಲ್ಲರಿಗೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಮೂರನ್ನು ಮುಟ್ಟಲೇಬಾರದು. ಬೇಕಿದ್ದರೆ ಕೊನೆಯ ಎರಡರಲ್ಲಿ ಚಂಡೆಯ ಒಂದು ಸಣ್ಣ ಉರುಳಿಕೆ ಇಟ್ಟು ಮುಂದಿನ ಸಾಲಿಗೆ ಎತ್ತಿಕೊಡಬಹುದು. ಆರನೆಯ ಸಾಲಿನ ಕೊನೆಯಲ್ಲಿ ಅದೂ ಬೇಡ. ಷಟ್ಪದಿ ಅಲ್ಲಿ ಮುಗಿಯುತ್ತದೆ, ಬೀಟಿಗೂ ಅದು ಗೊತ್ತಾಗಬೇಕು.

ಎಲ್‌ಎಂಎಂಎಸ್ ಭಾರವೆನಿಸಿದವರು ಹೈಡ್ರೋಜನ್ ಎಂಬ ಇನ್ನೊಂದು ಉಚಿತ ತಂತ್ರಾಂಶವನ್ನು ನೋಡಬಹುದು. ಅದು ತಾಳವಾದ್ಯಗಳಿಗೆಂದೇ ಇರುವಂಥದು. ಒಂದೊಂದು ತುಣುಕಿಗೂ ಅದರದೇ ಅಳತೆ ಕೊಡಬಹುದಾದ್ದರಿಂದ ಏಳರ ಪಕ್ಕದಲ್ಲಿ ಐದನ್ನೂ ಹತ್ತನ್ನೂ ಇಟ್ಟುಕೊಂಡು ಹೋಗುವುದು ಅದರಲ್ಲಿ ಸುಲಭ.

ನಡೆ ಸಿಕ್ಕ ಮೇಲೆ ನಾದದ ಪ್ರಶ್ನೆ ಬರುತ್ತದೆ. ತಂತ್ರಾಂಶದ ಜೊತೆ ಬರುವ ಡ್ರಮ್ಮಿನ ಸದ್ದುಗಳು ಚೊಕ್ಕವಾಗಿವೆ, ಆದರೆ ಅವು ಡೊಳ್ಳಲ್ಲ. ಎಲ್‌ಎಂಎಂಎಸ್‌ನಲ್ಲಿ ಕಿಕರ್ ಎಂಬ ಒಂದು ಪುಟ್ಟ ವಾದ್ಯವಿದೆ. ಅದು ಒಂದು ನಾದವನ್ನು ಮೇಲಿನ ಶ್ರುತಿಯಲ್ಲಿ ಹುಟ್ಟಿಸಿ ಕ್ಷಣಾರ್ಧದಲ್ಲಿ ಕೆಳಗೆ ಜಾರಿಸುತ್ತದೆ. ನಿಜವಾದ ಚರ್ಮವಾದ್ಯದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ: ಗಟ್ಟಿ ಪೆಟ್ಟು ಬಿದ್ದ ಕ್ಷಣ ಚರ್ಮ ಹೆಚ್ಚು ಹಿಗ್ಗಿ ಬಿಗಿಯಾಗುತ್ತದೆ, ಕಂಪನ ಇಳಿದಂತೆ ಬಿಗಿಯೂ ಇಳಿದು ಶ್ರುತಿ ಕೆಳಗೆ ಬರುತ್ತದೆ. ಆದ್ದರಿಂದ ಕಿಕರ್‌ನ ಆರಂಭದ ಶ್ರುತಿಯನ್ನು ತಗ್ಗಿಸಿ ಇಳಿಯುವ ಹೊತ್ತನ್ನು ಸ್ವಲ್ಪ ಹೆಚ್ಚಿಸಿದರೆ ಡೊಳ್ಳಿನ ಎದೆಯಾಳದ ಭಾಗ ಒಂದು ಮಟ್ಟಿಗೆ ಬರುತ್ತದೆ. ಬರದಿರುವುದು ಕೋಲು ಚರ್ಮಕ್ಕೆ ತಾಗುವ ಆ ಮೊದಲ ಚಣದ ಸದ್ದು, ಮತ್ತು ಮರದ ಹೊಟ್ಟೆಯ ಅನುರಣನ. ಅವೆರಡಕ್ಕೂ ಡೊಳ್ಳಿನ ಹತ್ತಿರವೇ ಹೋಗಬೇಕು.

ಸಾಗರ, ಸೊರಬ, ಶಿಕಾರಿಪುರದ ಕಡೆ ಡೊಳ್ಳಿನ ತಂಡಗಳಿಗೆ ಕೊರತೆಯಿಲ್ಲ. ಬೀರಪ್ಪನ ಗುಡಿಯ ಅಂಗಳದಲ್ಲಿ ಕುರುಬ ಸಮುದಾಯದವರು ತಲೆಮಾರುಗಳಿಂದ ನುಡಿಸುತ್ತ ಬಂದ ವಾದ್ಯವನ್ನು ಈಗ ಕಾಲೇಜು ಹುಡುಗಿಯರ ತಂಡಗಳೂ ಹೆಗಲಿಗೆ ಹಾಕಿಕೊಳ್ಳುತ್ತಿವೆ. ನಾನು ಧ್ವನಿ ಹಿಡಿದದ್ದು ಅಂಥದೊಂದು ಊರಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ. ಬಿಸಿಲನ್ನು ಹೇಳಲು ಕಾರಣವಿದೆ. ತೇವದ ಹವೆಯಲ್ಲಿ ಚರ್ಮ ಸಡಿಲಾಗಿ ಡೊಳ್ಳು ಮಂಕಾಗುವುದರಿಂದ ಬಾರಿಸುವವರು ಮೊದಲು ಅದನ್ನು ಬಿಸಿಲಿಗಿಟ್ಟು ಕಾಯಿಸಿ, ಹಗ್ಗ ಬಿಗಿದು, ಬೆರಳಿನಿಂದ ತಟ್ಟಿ ತಟ್ಟಿ ನೋಡಿದ ಮೇಲೆಯೇ ಕೋಲು ಹಿಡಿದರು. ಮೊಬೈಲಿನ ಮೈಕ್ ಮಾತಿಗಾಗಿ ಮಾಡಿದ್ದು. ಡೊಳ್ಳಿನ ಪಕ್ಕದಲ್ಲಿಟ್ಟರೆ ಅಲೆಯ ತುದಿಗಳೆಲ್ಲ ಕತ್ತರಿಸಿಹೋಗಿ ಬರೀ ಗರಗರ ಉಳಿಯುತ್ತದೆ. ಹತ್ತು ಹದಿನೈದು ಅಡಿ ದೂರದಲ್ಲಿ, ನೆಲಕ್ಕೆ ತಾಗದಂತೆ ಎತ್ತರದಲ್ಲಿಟ್ಟರೆ ಪೆಟ್ಟೂ ಬರುತ್ತದೆ, ಹೊಟ್ಟೆಯ ದನಿಯೂ ಬರುತ್ತದೆ. ಬಲಗೈ ಕೋಲಿನ ಪೆಟ್ಟು, ಎಡಗೈ ಅಂಗೈಯ ಪೆಟ್ಟು, ಎರಡೂ ಕೂಡಿದ್ದು, ಚರ್ಮವನ್ನು ಅಂಗೈಯಿಂದ ಒತ್ತಿ ಹಿಡಿದು ಹೊಡೆದದ್ದು, ಮರದ ಅಂಚಿಗೆ ಕೋಲು ತಾಗಿಸಿದ್ದು, ಹೀಗೆ ಒಂದೊಂದನ್ನೂ ಮೆಲ್ಲಗೆ, ಹದವಾಗಿ, ಜೋರಾಗಿ ಎಂದು ಮೂರು ಬಲದಲ್ಲಿ ಬೇರೆ ಬೇರೆಯಾಗಿ ಹಿಡಿಯಬೇಕು. ಪ್ರತಿ ಪೆಟ್ಟಿನ ನಂತರ ನಾದ ಪೂರ್ತಿ ಅಡಗುವವರೆಗೆ ಸುಮ್ಮನಿರುವಂತೆ ಕೇಳಿಕೊಳ್ಳಬೇಕು. ಸದಾ ತಂಡದಲ್ಲಿ, ಓಟದಲ್ಲಿ ನುಡಿಸುವವರಿಗೆ ಒಂದು ಪೆಟ್ಟು ಹಾಕಿ ನಿಲ್ಲುವುದು ಎಷ್ಟು ಅಸಹಜವೆಂದರೆ, ಮೂರನೆಯ ಪೆಟ್ಟಿಗೆ ಕಾಲು ತಾನಾಗಿ ಕುಣಿತಕ್ಕೆ ಎತ್ತುತ್ತದೆ.

ಹಿಡಿದು ತಂದದ್ದನ್ನು ಬಿಡಿಸುವ ಕೆಲಸಕ್ಕೆ ಧ್ವನಿಯನ್ನು ಕತ್ತರಿಸಿ ತಿದ್ದುವ ಆಡಾಸಿಟಿ ಸಾಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ, ರೋಜರ್ ಡ್ಯಾನನ್‌ಬರ್ಗ್ ಶುರುಮಾಡಿ 2000ದಲ್ಲಿ ಹೊರಬಿಟ್ಟ ಈ ತಂತ್ರಾಂಶ ಇಂದಿಗೂ ಉಚಿತ. ಒಂದೊಂದು ಪೆಟ್ಟನ್ನೂ ಅಲೆ ಏಳುವ ಬಿಂದುವಿನಿಂದಲೇ ಕತ್ತರಿಸಿ ಬೇರೆ ಕಡತ ಮಾಡಿ, ಎಲ್‌ಎಂಎಂಎಸ್‌ನಲ್ಲಿ ಇಂಥ ಕಡತಗಳನ್ನು ನುಡಿಸುವ ಆಡಿಯೊ ಫೈಲ್ ಪ್ರೊಸೆಸರಿಗೆ ಕೊಟ್ಟರೆ ಡೊಳ್ಳು ನಮ್ಮ 14 ಮನೆಗಳ ಸಾಲಿಗೆ ಬಂದು ಕೂರುತ್ತದೆ.

ಸಣ್ಣ ಸದ್ದುಗಳಿಗೆ ಮಲೆನಾಡಿನಲ್ಲಿ ಬಹಳ ದೂರ ಹೋಗಬೇಕಾಗಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಜಗಲಿಯ ಮೇಲೆ ಕೂತರೆ ಮಳೆಯೇ ಒಂದು ವಾದ್ಯಸಾಮಗ್ರಿ. ಎಡೆಬಿಡದೆ ಸುರಿಯುವ ಮಳೆಯ ಸದ್ದಿನಲ್ಲಿ ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಂಪನಾಂಕಗಳೂ ಬೆರೆತಿರುತ್ತವೆ. ಟಿಆರ್-808 ತನ್ನ ಸ್ನೇರಿನ ಕಿರಗುಟ್ಟುವಿಕೆಯನ್ನು ಮಾಡಿಕೊಳ್ಳುತ್ತಿದ್ದುದೂ ಇಂಥ ಬೆರಕೆ ಸದ್ದಿನಿಂದಲೇ. ತಗಡಿನ ಮಾಡಿನ ಮೇಲಿನ ಮಳೆಯನ್ನು ಹಿಡಿದು, 5,000 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿ ತೆಗೆದು, ಉಳಿದದ್ದನ್ನು ಸೆಕೆಂಡಿನ ಹತ್ತು ಹದಿನೈದನೆಯ ಒಂದು ಪಾಲಿನಷ್ಟು ಚಿಕ್ಕ ತುಣುಕು ಮಾಡಿದರೆ ಯಾವ ಹೈ-ಹ್ಯಾಟಿಗೂ ಕಡಿಮೆಯಿಲ್ಲದ ಸದ್ದು ಸಿಗುತ್ತದೆ. ಹಂಚಿನ ಮೇಲಿನ ಮಳೆ ಇದಕ್ಕಿಂತ ಮೃದು, ಅದನ್ನು ದುರ್ಬಲ ಮಾತ್ರೆಗಳಿಗೆ ಇಟ್ಟುಕೊಳ್ಳಬಹುದು. ಅಡಿಕೆ ಸುಲಿಯುವ ಕಾಲದಲ್ಲಿ ಚಪ್ಪರದಡಿ ಮೆಟ್ಟುಗತ್ತಿಯ ಸದ್ದು ರಾತ್ರಿಯ ತನಕ ಕೇಳುತ್ತಿರುತ್ತದೆ. ಅದರಲ್ಲಿ ಎರಡು ಭಾಗಗಳಿವೆ: ಅಲಗು ಸಿಪ್ಪೆಯೊಳಗೆ ಇಳಿಯುವ ಒಂದು ಗಿಡ್ಡ ಸದ್ದು, ಸಿಪ್ಪೆಯನ್ನು ಎಳೆದು ಬಿಡಿಸುವ ಒಂದು ಉದ್ದ ಸದ್ದು. ಲಘು ಮತ್ತು ಗುರು ಎಂದು ಬೇರೆ ಮಾಡಿ ಇಟ್ಟುಕೊಳ್ಳಲು ಹೇಳಿ ಮಾಡಿಸಿದಂತಿದೆ. ಕೈಪಳಗಿದ ಹೆಂಗಸರು ಸಾಲಾಗಿ ಕೂತು ಸುಲಿಯುವಾಗ ಒಬ್ಬೊಬ್ಬರ ಗತಿ ಒಂದೊಂದಾಗಿದ್ದು ಆಗಾಗ ಎಲ್ಲವೂ ಒಂದೇ ಕಡೆ ಬಂದು ಸೇರಿ ಮತ್ತೆ ಚದುರುವುದನ್ನು ಕೇಳಬೇಕು. ಅದನ್ನು ಕತ್ತರಿಸದೆ ಹಾಗೇ ಬೀಟಿನ ಹಿಂದೆ ಹರಡಿದರೂ ಚೆನ್ನ.

ಮದ್ದಳೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಡೊಳ್ಳಿಗೆ ಖಚಿತ ಶ್ರುತಿಯಿಲ್ಲ. ಯಾವ ರಾಗದ ಜೊತೆಗಾದರೂ ನಿಲ್ಲುತ್ತದೆ. ಆದರೆ ಮೃದಂಗ, ಮದ್ದಳೆಗಳ ನಡುವೆ ಹಚ್ಚಿದ ಕರಿಯ ಕರಣೆ ಚರ್ಮದ ಕಂಪನಗಳನ್ನು ತಂತಿವಾದ್ಯದಲ್ಲಿರುವಂಥ ಕ್ರಮಕ್ಕೆ ತರುತ್ತದೆ. ಸಿ.ವಿ. ರಾಮನ್ ಈ ಬಗ್ಗೆ 1920ರಲ್ಲಿ ಒಂದು ಟಿಪ್ಪಣಿಯನ್ನೂ 1934ರಲ್ಲಿ ದೊಡ್ಡ ಪ್ರಬಂಧವನ್ನೂ ಪ್ರಕಟಿಸಿದ್ದರು. ಭಾಗವತರ ಶ್ರುತಿಗೆ ಮದ್ದಳೆಯನ್ನು ಕೂಡಿಸಲು ಸಾಧ್ಯವಾಗುವುದೇ ಆ ಕರಣೆಯಿಂದ. ಆದ್ದರಿಂದ ಮದ್ದಳೆಯ ಪೆಟ್ಟನ್ನು ಬೀಟಿಗೆ ತಂದರೆ ಮೇಲೆ ಬರುವ ಹಾಡಿನ ಆಧಾರಷಡ್ಜಕ್ಕೆ, ಅಂದರೆ ಮೂಲದ ‘ಸ’ ಸ್ವರಕ್ಕೆ, ಅದರ ಶ್ರುತಿಯನ್ನು ಹೊಂದಿಸಲೇಬೇಕು. ಅರ್ಧ ಸ್ವರ ಅತ್ತಿತ್ತಲಾದರೂ ಇಡೀ ಹಾಡು ಅಪಸ್ವರವಾಗಿ ಕೇಳುತ್ತದೆ.

ಇಷ್ಟಾದರೂ ಬೀಟಿನಲ್ಲಿ ಜೀವ ಇರುವುದಿಲ್ಲ. ಕಾರಣ, ಕಂಪ್ಯೂಟರು ಪ್ರತಿ ಪೆಟ್ಟನ್ನೂ ಒಂದೇ ಬಲದಲ್ಲಿ, ಮನೆಯ ಗೆರೆಯ ಮೇಲೆಯೇ ಹಾಕುತ್ತದೆ. ಬಲದ ತೊಂದರೆಯನ್ನು ಸರಿಮಾಡುವುದು ಸುಲಭ: ಮನೆಯೊಂದರ ಮೇಲೆ ಮೌಸಿನ ಚಕ್ರ ತಿರುಗಿಸಿದರೆ ಆ ಪೆಟ್ಟಿನ ದನಿ ಏರುತ್ತದೆ, ಇಳಿಯುತ್ತದೆ. ಗಣದ ಮೊದಲ ಮಾತ್ರೆಗೆ 100 ಕೊಟ್ಟರೆ ಒಳಗಿನವಕ್ಕೆ 60, 70 ಸಾಕು, ಮತ್ತು ಯಾವ ಎರಡೂ ಒಂದೇ ಆಗಿರಬಾರದು. ಹೊತ್ತಿನ ವಿಷಯ ಇನ್ನೂ ಸೂಕ್ಷ್ಮ. ಎಲ್‌ಎಂಎಂಎಸ್ ಒಂದು ಮನೆಯನ್ನು 12 ಟಿಕ್‌ಗಳಾಗಿ ಒಡೆಯುತ್ತದೆ. 70ರ ವೇಗದಲ್ಲಿ ಒಂದು ಟಿಕ್ ಎಂದರೆ ಸುಮಾರು 18 ಮಿಲಿಸೆಕೆಂಡು. ಪೆಟ್ಟುಗಳ ಜಾಗವನ್ನು ನವಿರಾಗಿ ತಿದ್ದುವ ಪಿಯಾನೊ ರೋಲ್ ಎಂಬ ಕಿಟಕಿ ತೆರೆದು, ಅಳತೆಯನ್ನು 192ರಲ್ಲಿ ಒಂದಕ್ಕೆ ಇಳಿಸಿಕೊಂಡರೆ ಯಾವ ಪೆಟ್ಟನ್ನಾದರೂ ಒಂದು ಟಿಕ್ ಹಿಂದಕ್ಕೆ ಮುಂದಕ್ಕೆ ಸರಿಸಬಹುದು. ಅದಕ್ಕಿಂತ ನವಿರಾದ ಸರಿಸುವಿಕೆ ಬೇಕಾದಾಗ ನಾನು ಆಡಾಸಿಟಿಯಲ್ಲಿ ಪೆಟ್ಟಿನ ಕಡತದ ತಲೆಗೆ ಐದೋ ಎಂಟೋ ಮಿಲಿಸೆಕೆಂಡಿನ ಮೌನ ಸೇರಿಸಿಡುತ್ತೇನೆ. ಅಮೆರಿಕದ ರೋಜರ್ ಲಿನ್ ತನ್ನ ತಾಳಯಂತ್ರಗಳಲ್ಲಿ ಎರಡೆರಡು ಮಾತ್ರೆಗಳ ಜೋಡಿಯಲ್ಲಿ ಎರಡನೆಯದನ್ನು ತುಸು ತಡಮಾಡುವ ಸೌಕರ್ಯ ಇಟ್ಟದ್ದೂ, ಡೆಟ್ರಾಯಿಟ್‌ನಲ್ಲಿ ಹಿಪ್‌ಹಾಪ್ ಬೀಟ್ ಮಾಡುತ್ತಿದ್ದ ಜೆ ಡಿಲ್ಲಾ, ಯಂತ್ರವು ಪೆಟ್ಟನ್ನು ಗೆರೆಗೆ ಎಳೆಯುವ ಸೌಕರ್ಯವನ್ನೇ ಬಿಟ್ಟು ಬೆರಳಿನ ಹೊತ್ತನ್ನು ನಂಬಿದ್ದೂ ಇದೇ ಜೀವಕ್ಕಾಗಿ.

ಡೊಳ್ಳಿನ ತಂಡದಲ್ಲಿ ಈ ಜೀವ ಎಲ್ಲಿಂದ ಬರುತ್ತದೆ ಎಂಬುದನ್ನು ಅಲೆಯ ಚಿತ್ರದಲ್ಲಿ ನೋಡಿಯೇ ನನಗೆ ತಿಳಿದದ್ದು. ಹತ್ತು ಹನ್ನೆರಡು ಡೊಳ್ಳುಗಳು ಒಟ್ಟಿಗೆ ಬಿದ್ದವು ಎಂದು ಕಿವಿಗೆ ಅನ್ನಿಸುವ ಪೆಟ್ಟನ್ನು ಆಡಾಸಿಟಿಯಲ್ಲಿ ಹಿಗ್ಗಿಸಿದರೆ ಅದು ಒಂದು ಗೆರೆಯಲ್ಲ, ಒಂದು ಸಣ್ಣ ಗುಡ್ಡ. ಯಾರೋ ಒಬ್ಬರು ಕೂದಲೆಳೆಯಷ್ಟು ಮೊದಲು, ಇನ್ನೊಬ್ಬರು ಅಷ್ಟೇ ನಂತರ. ದೂರದಲ್ಲಿ ನಿಂತವರ ದನಿ ಮೈಕಿಗೆ ತಲುಪಲು ಹಿಡಿಯುವ ಹೊತ್ತೂ ಅದರಲ್ಲಿ ಸೇರಿದೆ. ಹತ್ತು ಅಡಿಗೆ ಸುಮಾರು ಒಂಬತ್ತು ಮಿಲಿಸೆಕೆಂಡು. ಆ ಗುಡ್ಡದ ಅಗಲವೇ ತಂಡದ ಗಾತ್ರ. ಆದ್ದರಿಂದ ಒಂದು ಡೊಳ್ಳಿನ ದನಿಯನ್ನು ಜೋರು ಮಾಡಿದರೆ ತಂಡವಾಗುವುದಿಲ್ಲ. ಬೇರೆ ಬೇರೆ ಪೆಟ್ಟುಗಳನ್ನು ಮೂರು ನಾಲ್ಕು ಸಾಲುಗಳಲ್ಲಿ ಇಟ್ಟು, ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಹಂಚಿ, ಕೆಲವು ಮಿಲಿಸೆಕೆಂಡು ಹಿಂದೆ ಮುಂದೆ ಸರಿಸಿದಾಗ ಅಂಗಳ ತುಂಬುತ್ತದೆ. ತಂಡ ನಿಧಾನದಿಂದ ಶುರುಮಾಡಿ ಹಂತ ಹಂತವಾಗಿ ಏರುವುದನ್ನು ತರಲು ವೇಗದ ಅಂಕಿಗೇ ಒಂದು ಏರುಗೆರೆ ಎಳೆಯುವ ಅನುಕೂಲ ಎಲ್‌ಎಂಎಂಎಸ್‌ನಲ್ಲಿದೆ.

ಕೇಳುವವರಲ್ಲಿ ಹೆಚ್ಚಿನವರು ಮೊಬೈಲಿನ ಸ್ಪೀಕರಿನಲ್ಲಿ ಕೇಳುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ಡೊಳ್ಳಿನ ಆಳದ 60, 70 ಹರ್ಟ್ಸ್ ಅಲ್ಲಿ ಬರುವುದೇ ಇಲ್ಲ. ಆ ಸಾಲಿಗೆ ತುಸು ಒರಟುತನ ಸೇರಿಸುವ ಪರಿಣಾಮವನ್ನು ಹಾಕಿದರೆ ಮೇಲಿನ ಅನುಸ್ವರಗಳು ಹುಟ್ಟುತ್ತವೆ, ಅವುಗಳಿಂದ ಕಿವಿ ಇಲ್ಲದ ಆಳವನ್ನು ಊಹಿಸಿಕೊಳ್ಳುತ್ತದೆ.

ಉಚಿತ ತಂತ್ರಾಂಶವೇ ಏಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಈಗ ರ‍್ಯಾಪ್ ಬರೆಯುವ ಹುಡುಗರು ಬಹಳ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಬೀಗ ಒಡೆದ ರೂಪದಲ್ಲಿ ಹಾಕಿಕೊಳ್ಳುವುದು, ಇಲ್ಲವೇ ಬೇರೆ ಯಾರೋ ಮಾಡಿದ ಬೀಟನ್ನು ಅಂತರ್ಜಾಲದಿಂದ ಇಳಿಸಿ ಅದರ ಮೇಲೆ ಮಾತು ಕೂರಿಸುವುದು ಅವರಲ್ಲಿ ಸಾಮಾನ್ಯ. ಮೊದಲನೆಯದರಲ್ಲಿ ವೈರಸ್ಸಿನ ಅಪಾಯವಿದೆ, ಅದಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ದುಡಿಮೆಯನ್ನು ಕದ್ದ ಭಾರವಿದೆ. ಎರಡನೆಯದರಲ್ಲಿ ಕನ್ನಡದ ಮಾತು ಪರರ ನಡೆಗೆ ತನ್ನನ್ನು ಕತ್ತರಿಸಿಕೊಳ್ಳಬೇಕಾಗುತ್ತದೆ; ಗುರು ಇರುವಲ್ಲಿ ಲಘುವಿನಂತೆ ಉಚ್ಚರಿಸಿ, ಲಘುವನ್ನು ಎಳೆದು ಹಾಡಿದ್ದನ್ನು ಕೇಳಿದಾಗ ನನಗೆ ನಿಜವಾಗಿ ನೋವಾಗುತ್ತದೆ, ಏಕೆಂದರೆ ಆ ಹುಡುಗರ ಮಾತು ಚೆನ್ನಾಗಿರುತ್ತದೆ. ಎಲ್‌ಎಂಎಂಎಸ್ ಆಗಲಿ ಹೈಡ್ರೋಜನ್ ಆಗಲಿ ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ, ಒಮ್ಮೆ ಹಾಕಿಕೊಂಡ ಮೇಲೆ ಇಂಟರ್‌ನೆಟ್ ಬೇಡುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಇಲ್ಲವಾಗುವ ಹಳ್ಳಿಗಳಲ್ಲಿ ಬ್ಯಾಟರಿ ಇರುವಷ್ಟು ಹೊತ್ತಾದರೂ ಕೆಲಸ ಮಾಡಬಹುದು.

ಎಲ್‌ಎಂಎಂಎಸ್‌ನ ಕಡತವನ್ನು ಸಾದಾ ರೂಪದಲ್ಲಿ ಉಳಿಸಿದರೆ ಅದು ಬರಿಯ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾವ ಪೆಟ್ಟು ಎಷ್ಟನೆಯ ಟಿಕ್‌ನಲ್ಲಿದೆ, ಅದರ ಬಲ ಎಷ್ಟು ಎಂಬುದನ್ನೆಲ್ಲ ಓದಬಹುದು. ತರಗತಿಯಲ್ಲಿ ನಾನು ಹಾಗೆ ತೆರೆದು ತೋರಿಸಿದಾಗ ಪ್ರಸ್ತಾರ ಎಂದರೆ ದೂರ ಓಡುತ್ತಿದ್ದ ಒಬ್ಬ ಹುಡುಗ 0, 12, 24, 36 ಎಂಬ ಅಂಕಿಗಳನ್ನು ನೋಡಿ, ಎಲ್ಲಿ ಅಂಕಿ ಒಮ್ಮೆಗೇ 24ರಷ್ಟು ಜಿಗಿಯುತ್ತದೆಯೋ ಅಲ್ಲಿ ಗುರು ಎಂದು ತಾನೇ ಹೇಳಿದ. ಆ ದಿನದಿಂದ ಕಡತಗಳನ್ನು ಮಕ್ಕಳಿಗೆ ಹಾಗೆಯೇ ಕೊಡುತ್ತಿದ್ದೇನೆ. ಡೊಳ್ಳಿನ ಪೆಟ್ಟುಗಳನ್ನು ಮಾತ್ರ ಬಾರಿಸಿದವರನ್ನು ಕೇಳದೆ ಹಂಚುವುದಿಲ್ಲ. ಅಂತರ್ಜಾಲದಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಸದ್ದುಗಳನ್ನು ಹಂಚುವ ಫ್ರೀಸೌಂಡ್‌ನಂಥ ತಾಣಗಳಿವೆ, ಬಹಳ ಉಪಕಾರದ ಕೆಲಸವದು. ಆದರೆ ಒಂದು ಸಮುದಾಯ ತಲೆಮಾರುಗಳಿಂದ ದೇವರ ಮುಂದೆ ನುಡಿಸಿದ ನಾದ ಯಾವ ಹಾಡಿನ ಕೆಳಗೆ ಹೋಗಬಹುದು, ಯಾವುದರ ಕೆಳಗೆ ಹೋಗಬಾರದು ಎಂದು ಹೇಳುವ ಹಕ್ಕು ಅವರಿಗಿದೆ. ಧ್ವನಿ ಹಿಡಿಯಲು ಕರೆದ ದಿನ ಅವರಿಗೆ ಸಲ್ಲಬೇಕಾದ ಸಂಭಾವನೆ ಕೊಡಬೇಕು, ಬೀಟಿನ ಜೊತೆ ಊರು ತಂಡಗಳ ಹೆಸರು ಹಾಕಬೇಕು, ಮತ್ತು ಮಾಡಿದ್ದನ್ನು ಒಯ್ದು ಮೊದಲು ಅವರಿಗೇ ಕೇಳಿಸಬೇಕು. ನಾನು ಕೇಳಿಸಿದಾಗ ತಂಡದ ಹಿರಿಯರು ಎರಡು ಕಡೆ ತಲೆಯಾಡಿಸಿದರು, ಒಂದು ಕಡೆ ಎಡಗೈ ಪೆಟ್ಟು ಹೆಚ್ಚಾಯಿತೆಂದರು. ಅದನ್ನು ಅಲ್ಲೇ ಕೂತು ಕಡಿಮೆ ಮಾಡಿದೆ.

ಸದ್ಯ ವಾರ್ಧಕ ಷಟ್ಪದಿಯನ್ನು ಹಿಡಿದು ಕೂತಿದ್ದೇನೆ. ಅದರಲ್ಲಿ ಐದು ಮಾತ್ರೆಯ ನಾಲ್ಕು ಗಣ ಸೇರಿ ಸಾಲಿಗೆ 20 ಮಾತ್ರೆ; ತಾಳವನ್ನು ನಾಲ್ಕಕ್ಕೆ ಐದು (5/4) ಎಂದು ಇಟ್ಟರೆ 20 ಮನೆಗಳು ಸಿಗುತ್ತವೆ. ಮೂರನೆಯ ಸಾಲಿಗೆ ಆರು ಗಣ ಮತ್ತು ಒಂದು ಗುರು, ಒಟ್ಟು 32. ಎರಡು ಆವರ್ತದ 40ರಲ್ಲಿ ಎಂಟು ಮನೆಗಳು ಖಾಲಿ ಉಳಿಯುತ್ತವೆ. ಭಾಮಿನಿಯ ಐದಕ್ಕಿಂತ ಈ ಎಂಟು ದೊಡ್ಡ ಬಯಲು, ಅದನ್ನು ಹಾಗೇ ಬಿಟ್ಟರೆ ಬೀಟ್ ನಿಂತೇಹೋದಂತೆ ಕೇಳುತ್ತದೆ, ತುಂಬಿದರೆ ಸಾಲಿನ ಕೊನೆಯ ಗುರು ಮುಳುಗುತ್ತದೆ. ಗುರುವಿನ ಮೇಲೆ ಬಿದ್ದ ಡೊಳ್ಳಿನ ನಾದವನ್ನು ಕತ್ತರಿಸದೆ ಅದು ತಾನಾಗಿ ಅಡಗುವವರೆಗೆ ಬಿಟ್ಟು, ಕೊನೆಯ ಮೂರು ಮನೆಗಳಲ್ಲಿ ಮಾತ್ರ ಮೆಟ್ಟುಗತ್ತಿಯ ಗಿಡ್ಡ ಸದ್ದನ್ನು ಇಟ್ಟು ನೋಡುತ್ತಿದ್ದೇನೆ. ಐದರ ನಡೆಯಲ್ಲಿ ಎರಡು-ಮೂರು ಎಂದು ಒಡೆಯಬೇಕೋ ಮೂರು-ಎರಡು ಎಂದು ಒಡೆಯಬೇಕೋ ಎಂಬುದನ್ನು ಸಾಲಿನ ಮಾತುಗಳೇ ಹೇಳಬೇಕು, ಮತ್ತು ಅದು ಸಾಲಿನಿಂದ ಸಾಲಿಗೆ ಬೇರೆಯಾಗುವುದರಿಂದ ಒಂದೇ ತುಣುಕನ್ನು ಮತ್ತೆ ಮತ್ತೆ ಸುತ್ತಿಸುವಂತಿಲ್ಲ. ಆರು ಸಾಲಿಗೆ ಆರು ತುಣುಕುಗಳನ್ನೇ ಬರೆಯಬೇಕು.